ಕುಮಟೆಯ ಹತ್ತಿ, ಮುಂಬಯಿಯ ಬಂದರು

ಮುಂಬಯಿ ಬಂದರಿನ ಊರು ಎಂದು ಮೂರನೆಯ ಇಯತ್ತೆಯ ಮಕ್ಕಳೂ ಹೇಳುತ್ತಾರೆ. ಆದರೆ ಇಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದ ನಮ್ಮವರಲ್ಲಿ ಬಂದರನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಊರಿನಿಂದ ನೆಂಟರು ಬಂದರೆ ನಾವು ಕರೆದೊಯ್ಯುವುದು ಚೌಪಾಟಿಗೆ, ಮರೀನ್ ಡ್ರೈವಿಗೆ, ಬಿಡುವಿದ್ದರೆ ಜುಹುವಿಗೆ. ಅವೆಲ್ಲ ಪಡುವಣ ಕಡಲು, ಗಾಳಿ ತೆಗೆದುಕೊಳ್ಳುವ ಕಡಲು. ಈ ಊರಿಗೆ ಅನ್ನ ಹಾಕಿದ್ದು ಮೂಡಣ ಕಡಲು. ಅದು ಮೈಲುಗಟ್ಟಲೆ ಗೋಡೆಯ ಹಿಂದೆ ಅಡಗಿದೆ. ಹಾರ್ಬರ್ ಲೈನಿನ ಗಾಡಿಯಲ್ಲಿ ದಿನವೂ ಓಡಾಡುವವರಿಗೂ ಆ ಹೆಸರಿನ ಬಂದರು ಕಣ್ಣಿಗೆ ಬೀಳುವುದು ಅಪರೂಪ.

ಈಚಿನ ವರ್ಷಗಳಲ್ಲಿ ಕೋಟೆ ಪ್ರದೇಶವನ್ನು, ಅಂದರೆ ನಾವು ಫೋರ್ಟ್ ಎನ್ನುವ ಭಾಗವನ್ನು, ಕಾಲುನಡಿಗೆಯಲ್ಲಿ ತೋರಿಸುವ ಪರಿಪಾಠ ಬೆಳೆದಿದೆ. ರವಿವಾರ ಬೆಳಿಗ್ಗೆ ಹತ್ತು ಹದಿನೈದು ಜನರ ಗುಂಪು, ಮುಂದೆ ಒಬ್ಬ ಮಾರ್ಗದರ್ಶಕ, ಮೂರು ಗಂಟೆಯ ಸುತ್ತಾಟ. ಬಲ್ಲಾರ್ಡ್ ಎಸ್ಟೇಟಿನ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಫೈಲು ನೋಡುತ್ತಿರುವ ನನಗೆ ಆ ಬೀದಿಗಳು ಹೊಸವಲ್ಲ. ಆದರೂ ವಾರದ ದಿನ ನಡೆಯುವವನ ಕಣ್ಣು ಗಡಿಯಾರದ ಮೇಲಿರುತ್ತದೆ. ಹೀಗಾಗಿ ಕಳೆದ ಚಳಿಗಾಲದಲ್ಲಿ ನಮ್ಮ ಬಳಗದ ನಾಲ್ಕಾರು ಕುಟುಂಬಗಳು ಸೇರಿ ಇಂಥ ಒಂದು ನಡಿಗೆಗೆ ಹೋದೆವು. ಜೊತೆಗೆ ಕುಮಟೆಯ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದರು. ಎಪ್ಪತ್ತು ದಾಟಿದವರು, ಆದರೆ ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ.

ನಡಿಗೆ ಗೇಟ್‌ವೇ ಆಫ್ ಇಂಡಿಯಾದ ಬಳಿ ಆರಂಭವಾಗುತ್ತದೆ. ಎಲ್ಲರೂ ಚಿತ್ರ ತೆಗೆಸಿಕೊಳ್ಳುವ ಈ ಕಮಾನು ವಯಸ್ಸಿನಲ್ಲಿ ಚಿಕ್ಕದು. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಇಲ್ಲಿ ಬಂದಿಳಿದಾಗ ಈ ಕಲ್ಲಿನ ಕಮಾನು ಇರಲೇ ಇಲ್ಲ. ಜಾರ್ಜ್ ವಿಟೆಟ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಡ ಮುಗಿದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಕಮಾನಿನ ಕೆಳಗಿನಿಂದ ಹಡಗು ಹತ್ತಿತು. ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ಇಪ್ಪತ್ತನಾಲ್ಕು ವರ್ಷಕ್ಕೇ ಬೀಳ್ಕೊಡುಗೆಯ ಬಾಗಿಲಾಯಿತು. ದಕ್ಷಿಣ ಆಫ್ರಿಕದಿಂದ ಮರಳಿದ ಗಾಂಧೀಜಿ 1915ರ ಜನವರಿ 9ರಂದು ಕಾಲಿಟ್ಟದ್ದೂ ಈ ಅಪೋಲೋ ಬಂದರಿನಲ್ಲೇ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದಿಲ್ಲ. ಹಕ್ಕಿ ಕಾಳು ಮಾರುವವರು ಹೇಗೂ ನಿಲ್ಲಗೊಡುವುದಿಲ್ಲ.

ಸ್ವಲ್ಪ ಉತ್ತರಕ್ಕೆ ನಡೆದರೆ ನೌಕಾಪಡೆಯ ಲಯನ್ ಗೇಟ್. ಒಳಗೆ ಬಿಡುವುದಿಲ್ಲ. ಆದರೆ ಆ ಬಾಗಿಲಿನ ಹಿಂದೆ ಏನು ನಡೆಯಿತೆಂಬುದನ್ನು ತಿಳಿಯದೆ ಮುಂದೆ ಹೋಗಬಾರದು. 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೂರತ್ತಿನಿಂದ ಲವಜಿ ನಸರವಾನಜಿ ವಾಡಿಯಾ ಎಂಬ ಪಾರಸಿ ಬಡಗಿಯನ್ನು ಕರೆಸಿತು. ಅವನೂ ಅವನ ವಂಶದವರೂ ಇಲ್ಲಿ ನೂರೈವತ್ತು ವರ್ಷದಷ್ಟು ಕಾಲ ಹಡಗು ಕಟ್ಟಿದರು. ಅವರು 1813ರಲ್ಲಿ ನೀರಿಗಿಳಿಸಿದ 'ಕಾರ್ನ್‌ವಾಲಿಸ್' ಹಡಗಿನ ಮೇಲೆಯೇ 1842ರಲ್ಲಿ ಚೀನಾದವರು ಇಂಗ್ಲಿಷರೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 1817ರ 'ಟ್ರಿಂಕೊಮಲೀ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ಇಂಗ್ಲೆಂಡಿನ ಓಕ್ ಮರಕ್ಕಿಂತ ನಮ್ಮ ತೇಗ ಬಹುಕಾಲ ಬಾಳುತ್ತದೆ: ಅದರಲ್ಲಿರುವ ಎಣ್ಣೆಯಂಶದಿಂದ ಹುಳು ತಿನ್ನುವುದು ಕಡಿಮೆ, ಮೊಳೆಗೆ ಬೇಗ ತುಕ್ಕು ಹಿಡಿಯುವುದಿಲ್ಲ. ಆ ತೇಗ ಬರುತ್ತಿದ್ದುದು ಮಲಬಾರಿನಿಂದ ಮತ್ತು ನಮ್ಮ ಕನ್ನಡ ಜಿಲ್ಲೆಯ ಕಾಡುಗಳಿಂದ.

ಈಗ ಮುಖ್ಯ ತಾಣ. ಹಾರ್ನಿಮನ್ ಸರ್ಕಲ್ಲಿನ ತೋಟ, ಎದುರಿಗೆ ಟೌನ್ ಹಾಲ್. 1833ರಲ್ಲಿ ಮುಗಿದ ಆ ಬಿಳಿಯ ಕಟ್ಟಡದ ಮೂವತ್ತು ಮೆಟ್ಟಿಲುಗಳ ಮೇಲೆ ಕುಳಿತರೆ ಇಡೀ ವೃತ್ತ ಕಾಣುತ್ತದೆ. ಎಡಗಡೆಗೆ 1718ರ ಸೇಂಟ್ ಥಾಮಸ್ ಇಗರ್ಜಿ. ಕೋಟೆಯ ಯಾವ ಬಾಗಿಲಿನಿಂದ ಈ ಚರ್ಚಿಗೆ ದಾರಿಯಿತ್ತೋ ಅದೇ ಚರ್ಚ್‌ಗೇಟ್. ಬಾಗಿಲು ಹೋಗಿ ನೂರೈವತ್ತು ವರ್ಷ ದಾಟಿದರೂ ದಿನವೂ ಲಕ್ಷಾಂತರ ಜನ ಅದರ ಹೆಸರಿಗೆ ಟಿಕೆಟ್ ತೆಗೆಯುತ್ತಾರೆ. ಹಳೆಯ ಮೈಲುಗಲ್ಲುಗಳ ಲೆಕ್ಕವೂ ಈ ಇಗರ್ಜಿಯಿಂದಲೇ ಶುರುವಾಗುತ್ತಿತ್ತು.

ನಮ್ಮ ಮಾರ್ಗದರ್ಶಕ ಚುರುಕಿನ ಹುಡುಗ. ಹಿಂದಿ ಇಂಗ್ಲಿಷು ಬೆರೆಸಿ ಚೆನ್ನಾಗಿ ಹೇಳುತ್ತಿದ್ದ. ಈ ತೋಟದ ಜಾಗ ಹಿಂದೆ ಬರಿಯ ಬಯಲಾಗಿತ್ತು, ಹತ್ತಿಯ ಬೇಲುಗಳನ್ನು ಇಲ್ಲೇ ರಾಶಿ ಹಾಕುತ್ತಿದ್ದರು, ಅದಕ್ಕೇ ಇದನ್ನು ಕಾಟನ್ ಗ್ರೀನ್ ಎನ್ನುತ್ತಿದ್ದರು, 1844ರಲ್ಲಿ ಹತ್ತಿಯ ವ್ಯಾಪಾರ ಕೊಲಾಬಾಕ್ಕೆ ಹೋಯಿತು, ಆಮೇಲೆ ಶಿವಡಿಗೆ. ಹಾರ್ಬರ್ ಲೈನಿನ ಕಾಟನ್ ಗ್ರೀನ್ ನಿಲ್ದಾಣಕ್ಕೆ ಹೆಸರು ಬಂದದ್ದು ಹೀಗೆ ಎಂದ. ಅಮೆರಿಕದ ಯುದ್ಧ, ಹತ್ತಿಯ ಬೆಲೆ ಏರಿದ್ದು, ಶೇರು ಹುಚ್ಚು ಎಲ್ಲವನ್ನೂ ಹೇಳಿದ. ಹತ್ತಿ ಎಲ್ಲಿಂದ ಬರುತ್ತಿತ್ತು ಎಂದು ಮಾಸ್ತರರು ಕೇಳಿದರು. ಗುಜರಾತಿನಿಂದ, ವರ್ಹಾಡದಿಂದ, ಖಾನದೇಶದಿಂದ ಎಂದ. 'ಮತ್ತೆ ನಮ್ಮ ಕುಮಟೆ ಎಲ್ಲಿ ಹೋಯಿತಪ್ಪಾ?' ಎಂದರು ಮಾಸ್ತರರು ಕನ್ನಡದಲ್ಲಿ. ಹುಡುಗನಿಗೆ ಅರ್ಥವಾಗಲಿಲ್ಲ. ಗುಂಪು ಮುಂದೆ ಸಾಗಿತು. ಅಲ್ಲಿ ಹೇಳಲಾಗದೆ ಉಳಿದ ಮಾತನ್ನು ಈ ಪುಟಗಳಲ್ಲಿ ಹೇಳುತ್ತೇನೆ.

ಲಿವರ್‌ಪೂಲಿನ ಹತ್ತಿಯ ಪೇಟೆಯಲ್ಲಿ 'ಕುಮ್ಟಾ' ಎಂಬ ಹೆಸರಿನ ಹತ್ತಿಯೊಂದು ನಡೆಯುತ್ತಿತ್ತು. ಇಂಗ್ಲಿಷರು ಅದನ್ನು ಕೂಂಪ್ಟಾ ಎಂದು ಬರೆಯುತ್ತಿದ್ದರು. ಕುಮಟೆಯನ್ನು ಕಂಡವರಿಗೆ ಇದು ವಿಚಿತ್ರವೆನಿಸೀತು. ತೆಂಗು, ಅಡಕೆ, ಭತ್ತದ ಆ ಊರಿನಲ್ಲಿ ಹತ್ತಿಯ ಹೊಲವಿಲ್ಲ. ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ನವಲಗುಂದ, ಗದಗಿನ ಎರೆಮಣ್ಣಿನಲ್ಲಿ. ಕಡಲು ಮುಟ್ಟುತ್ತಿದ್ದುದು ಕುಮಟೆಯಲ್ಲಿ. ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು. ಬೇರೆ ಒಂದು ಜಾತಿಯೂ ಇತ್ತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದಿಂದ ತೋಟಗಾರರನ್ನು ಕರೆಸಿ ಉದ್ದ ಎಳೆಯ ಹತ್ತಿಯನ್ನು ಹಲವು ಕಡೆ ಬೆಳೆಸಿ ನೋಡಿತು. ಬಹಳ ಕಡೆ ಸೋತಿತು. ನ್ಯೂ ಆರ್ಲಿಯನ್ಸಿನ ಬೀಜ ಹಿಡಿದದ್ದು ಧಾರವಾಡದ ಮಣ್ಣಿನಲ್ಲಿ. ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರಾಯಿತು.

ಈ ಹತ್ತಿ ಮುಂಬಯಿ ಸೇರುತ್ತಿದ್ದ ಬಗೆಯನ್ನು ಸ್ವಲ್ಪ ಯೋಚಿಸಿ. ಧಾರವಾಡದ ಕಡೆ ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲಿನ ತನಕ. ಬೀಜ ಬಿಡಿಸಿದ ಅರಳೆಯನ್ನು ಅಂಡಿಗೆ ಕಟ್ಟಿ, ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಶಿರಸಿಗೆ ತಂದು, ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಮುಟ್ಟಿಸಬೇಕು. ಅಲ್ಲಿಂದ ಪತ್ತೇಮಾರಿ. ಮೇ ಕೊನೆಗೆ ಕಡಲು ಕೆಡುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಿಂದ ಯಾವ ಪತ್ತೇಮಾರಿಯೂ ಹೊರಡದು. ಅಂದರೆ ಬೆಳೆ ಕೈಗೆ ಬಂದು ಕಡಲು ಮುಚ್ಚುವುದರೊಳಗೆ ಎರಡು ಮೂರು ತಿಂಗಳಷ್ಟೇ ಸಮಯ. ತಡವಾದ ಅಂಡಿಗೆ ನಾಲ್ಕು ತಿಂಗಳು ತೇವದಲ್ಲಿ ಕೊಳೆಯಬೇಕು. ಈ ಅವಸರವೆಲ್ಲ ಎತ್ತಿನ ಬೆನ್ನ ಮೇಲೆ ಬೀಳುತ್ತಿತ್ತು. ದಾರಿಯಲ್ಲಿ ಧೂಳು, ದಡದಲ್ಲಿ ಉಪ್ಪುನೀರು. ಇದರ ಜೊತೆಗೆ ತೂಕಕ್ಕೆಂದು ಮಣ್ಣು, ಬೀಜ, ನೀರು ಬೆರೆಸುವ ವ್ಯಾಪಾರಿಗಳು. ಈ ಮೋಸ ಎಷ್ಟಾಯಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ವಂಚನೆಗಾಗಿಯೇ ಒಂದು ಕಾಯಿದೆ ಮಾಡಬೇಕಾಯಿತು. ಕಲಬೆರಕೆ ನಮ್ಮ ಕಾಲದ ಶೋಧವೆಂದು ತಿಳಿದವರು ಇದನ್ನು ಗಮನಿಸಬೇಕು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುತ್ತಿದರು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಹಿಂದುಸ್ಥಾನದ ಹತ್ತಿಗೆ ಯಾವತ್ತೂ ಕಾಣದ ಬೆಲೆ ಬಂತು. ಆ ನಾಲ್ಕೈದು ವರ್ಷದಲ್ಲಿ ಮುಂಬಯಿಗೆ ಹೆಚ್ಚಿಗೆ ಹರಿದುಬಂದ ಹಣ ಏಳೆಂಟು ಕೋಟಿ ಪೌಂಡು ಎಂದು ಲೆಕ್ಕ ಹಾಕಿದ್ದಾರೆ. ಮ್ಯಾಂಚೆಸ್ಟರಿನ ಕಣ್ಣು ಆಗ ಧಾರವಾಡದ ಮೇಲೆ ಬಿತ್ತು. ಧಾರವಾಡಕ್ಕೆ ಒಳ್ಳೆಯ ಬಂದರು ಕಾರವಾರ ಎಂದು ಅಲ್ಲಿನ ವ್ಯಾಪಾರಿಗಳು ಒತ್ತಾಯ ಹಿಡಿದರು. ಆದರೆ ಕಾರವಾರ ಮದ್ರಾಸ್ ಆಧಿಪತ್ಯದಲ್ಲಿತ್ತು, ಧಾರವಾಡ ಮುಂಬಯಿಯಲ್ಲಿ. 1862ರಲ್ಲಿ, ಕುಂದಾಪುರವನ್ನು ಬಿಟ್ಟು, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು.

ನಮ್ಮ ಓದುಗರಲ್ಲಿ ಅನೇಕರ ಮನೆಯ ಕಥೆ ಈ ಒಂದು ಸಾಲಿನಿಂದ ಹೊರಡುತ್ತದೆ. ಅಂಕೋಲೆ, ಕುಮಟೆ, ಹೊನ್ನಾವರದ ಹುಡುಗ ಮೆಟ್ರಿಕ್ ಪರೀಕ್ಷೆಗೆ ಮುಂಬಯಿ ವಿಶ್ವವಿದ್ಯಾಲಯಕ್ಕೆ ಕಟ್ಟಿದ್ದು, ಕಾರವಾರದ ಕಚೇರಿಯ ಕಾಗದ ಪೂನಾ ಮುಂಬಯಿಗೆ ಹೋಗುತ್ತಿದ್ದುದು, ನೌಕರಿ ಎಂದೊಡನೆ ಮುಂಬಯಿಯೇ ನೆನಪಾಗುತ್ತಿದ್ದುದು, ಎಲ್ಲದರ ಹಿಂದೆ ಈ ಗಡಿಯ ಬದಲಾವಣೆಯಿದೆ. ಅದು ಬದಲಾದದ್ದು ಜನರ ಭಾಷೆ ನೋಡಿ ಅಲ್ಲ, ಹತ್ತಿಯ ದಾರಿ ನೋಡಿ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಯ ಆಡಳಿತದಲ್ಲೇ ಇದ್ದವು. ಈ ಊರಿನಲ್ಲಿ ಯಾರಾದರೂ ನಮ್ಮನ್ನು 'ಮದ್ರಾಸಿ' ಎಂದರೆ ಸಿಟ್ಟಾಗಬೇಕಾದ್ದಿಲ್ಲ. 1862ರಿಂದೀಚೆಗೆ ಅದು ಲೆಕ್ಕದ ತಪ್ಪು ಎಂದು ತಿಳಿಸಿದರೆ ಸಾಕು. ದಕ್ಷಿಣ ಕನ್ನಡದವರು ಮಾತ್ರ ಈ ವಾದವನ್ನು ಬಳಸುವಂತಿಲ್ಲ. ಅವರು 1956ರ ತನಕ ಮದ್ರಾಸಿನಲ್ಲೇ ಉಳಿದರು, ಆದರೂ ಮುಂಬಯಿಗೆ ನಮಗಿಂತ ಹೆಚ್ಚು ಸಂಖ್ಯೆಯಲ್ಲಿ ಬಂದರು!

ಹತ್ತಿಯ ಹಣ ಧಾರವಾಡದ ರೈತನಿಗೆ ಎಷ್ಟು ಉಳಿಯಿತು? ಕೆಲವರು ಬಂಗಾರ ಮಾಡಿಸಿಕೊಂಡರು, ಎತ್ತು ಕೊಂಡರು. ಉಳಿಯುವ ರೂಪದಲ್ಲಿ ಹಣ ನಿಂತದ್ದು ಇಲ್ಲಿ, ಈ ಮೆಟ್ಟಿಲುಗಳಿಂದ ಕಾಣುವ ಕಲ್ಲಿನಲ್ಲಿ. ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆ ಕೆಡವಿಸಿದ್ದು ಆ ವರ್ಷಗಳಲ್ಲೇ. ಹಾರ್ನಿಮನ್ ಸರ್ಕಲ್ಲಿನ ಕಮಾನುಗಳು ಎದ್ದದ್ದು, ಹತ್ತಿಯ ದಲ್ಲಾಳಿ ಪ್ರೇಮಚಂದ ರಾಯಚಂದ ತಾಯಿಯ ಹೆಸರಿನಲ್ಲಿ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟದ್ದು ಆ ಗಳಿಕೆಯಿಂದಲೇ. 1865ರ ವಸಂತದಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂತು. ಶೇರುಗಳ ಲೆಕ್ಕ ಚುಕ್ತಾ ಆಗಬೇಕಿದ್ದ ಜುಲೈ 1ರಂದು ದೊಡ್ಡ ದೊಡ್ಡ ಕುಳಗಳು ನೆಲಕಚ್ಚಿದವು. ಬ್ಯಾಂಕ್ ಆಫ್ ಬಾಂಬೆ ಕೂಡ ಉಳಿಯಲಿಲ್ಲ. ಕಟ್ಟಡಗಳು ಉಳಿದವು. ಹತ್ತು ಹನ್ನೆರಡು ವರ್ಷಕ್ಕೆ, 1876ರಿಂದ 78ರ ಬರದಲ್ಲಿ, ಅದೇ ಧಾರವಾಡ, ಬಿಜಾಪುರದ ಕಡೆ ಜನ ಹಸಿವಿನಿಂದ ಸತ್ತರು. ನಮ್ಮ ಗುಂಪಿನಲ್ಲಿದ್ದ ತರುಣನೊಬ್ಬ, 'ಹಾಗಾದರೆ ಇದು ಲೂಟಿಯ ಕಥೆ, ಇದರಲ್ಲಿ ನಮ್ಮದೇನು ಹೆಮ್ಮೆ?' ಎಂದು ಕೇಳಿದ. ಹೆಮ್ಮೆಯ ಮಾತು ನಾನೂ ಆಡುತ್ತಿಲ್ಲ. ಆದರೆ ಲೂಟಿಯಾದವನ ಹೆಸರನ್ನೂ ಪಟ್ಟಿಯಿಂದ ತೆಗೆದುಹಾಕಿದರೆ ಅದು ಎರಡನೆಯ ನಷ್ಟ.

ಕಾರವಾರಕ್ಕೆ ಏನಾಯಿತು ಎಂದು ಕೇಳುವಿರಿ. ದೊಡ್ಡ ಬಂದರಿನ ಕನಸು ಯುದ್ಧದ ಜೊತೆಗೇ ತಣ್ಣಗಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿಯ ರೈಲು ಕ್ಯಾಸಲ್ ರಾಕಿನ ಮೂಲಕ ಗೋವೆಯ ಮರ್ಮಾಗೋವೆಗೆ ಇಳಿಯಿತು. ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಪೇಟೆ ಇಳಿಯಿತು. ಕುಮಟೆಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯೊಡನೆ. ಅಷ್ಟರಲ್ಲಿ ಸಾಗಿಸಲು ಹತ್ತಿ ಉಳಿದಿರಲಿಲ್ಲ.

ಹಾರ್ನಿಮನ್ ಸರ್ಕಲ್ಲಿನಿಂದ ಪೂರ್ವೋತ್ತರಕ್ಕೆ ಹತ್ತು ನಿಮಿಷ ನಡೆದರೆ ಬಲ್ಲಾರ್ಡ್ ಎಸ್ಟೇಟ್. ಇಲ್ಲಿ ನಿಂತ ನೆಲವೇ ಬಂದರಿನ ಮಣ್ಣು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ಹಡಗಿಗೆ ಮುಂಬಯಿಯೇ ಹಿಂದುಸ್ಥಾನದ ಮೊದಲ ಬಾಗಿಲಾಯಿತು. 1873ರಲ್ಲಿ ಪೋರ್ಟ್ ಟ್ರಸ್ಟ್ ಹುಟ್ಟಿತು. ಮೊದಲು ಕೊಲಾಬಾದ ಸಸೂನ್ ಡಾಕ್, 1875ರಲ್ಲಿ. ಈಗ ಅಲ್ಲಿ ಮೀನಿನ ದೊಡ್ಡ ಪೇಟೆ. ಬಳಿಕ 1880ರಲ್ಲಿ ಪ್ರಿನ್ಸಸ್ ಡಾಕ್, ಅದರ ಮಗ್ಗುಲಿಗೆ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್, ಈಗಿನ ಇಂದಿರಾ ಡಾಕ್. ಆ ಕೊನೆಯ ಡಾಕಿಗಾಗಿ ಅಗೆದ ಮಣ್ಣನ್ನು ಕಡಲಿಗೆ ತುಂಬಿ ಪಡೆದ 22 ಎಕರೆಯೇ ಈ ಬಲ್ಲಾರ್ಡ್ ಎಸ್ಟೇಟ್. ಒಂದೇ ಎತ್ತರದ, ಒಂದೇ ಗಾಂಭೀರ್ಯದ ಕಟ್ಟಡಗಳು. ನಕ್ಷೆ ಗೇಟ್‌ವೇಯ ವಿಟೆಟನದೇ. ನನ್ನ ಮೇಜಿನ ಕೆಳಗೆ ಒಂದು ಕಾಲದಲ್ಲಿ ಮೀನು ಈಜುತ್ತಿತ್ತು ಎಂದು ಮನೆಯ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಡಾಕ್ ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮಾರ್ಗದರ್ಶಕರು ಇದನ್ನು ಹೇಳುವುದೇ ಇಲ್ಲ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನೀರು ಹದಿನೈದು ಅಡಿಯ ಆಸುಪಾಸಿನಲ್ಲಿ ಏರಿಳಿಯುತ್ತದೆ. ದಡಕ್ಕೆ ಕಟ್ಟಿದ ಹಡಗು ಇಳಿತದಲ್ಲಿ ಕೆಸರಿಗೆ ಕೂತರೆ ಸರಕು ಇಳಿಸುವುದು ಹೇಗೆ? ಅದಕ್ಕಾಗಿ ಕಲ್ಲಿನ ದೊಡ್ಡ ಕೊಳ ಕಟ್ಟಿ ಬಾಗಿಲು ಇಡುತ್ತಾರೆ. ಉಬ್ಬರದ ನೀರಿನ ಜೊತೆ ಹಡಗನ್ನು ಒಳಗೆ ತಂದು ಬಾಗಿಲು ಮುಚ್ಚಿದರೆ ಹೊರಗೆ ಕಡಲು ಇಳಿದರೂ ಒಳಗಿನ ನೀರು ನಿಂತೇ ಇರುತ್ತದೆ. ಹೊಲದ ಬದುವಿಗೆ ನೀರು ಕಟ್ಟಿದಂತೆಯೇ. ಹೀಗೆ ಬಾಗಿಲು ಹಾಕಿದ ಕೊಳದೊಳಗಿಂದ ಹಡಗು ಬೇಕೆಂದಾಗ ಹೊರಗೆ ಹೋಗಲಾರದು. ಮುಂದಿನ ಅನಾಹುತಕ್ಕೆ ಇದೂ ಒಂದು ಕಾರಣ.

1944ರ ಏಪ್ರಿಲ್ 12ರಂದು 'ಫೋರ್ಟ್ ಸ್ಟಿಕೀನ್' ಎಂಬ ಹಡಗು ಕರಾಚಿಯ ಮೂಲಕ ವಿಕ್ಟೋರಿಯಾ ಡಾಕಿಗೆ ಬಂತು. ಒಳಗೆ ಸುಮಾರು 1,400 ಟನ್ ಮದ್ದುಗುಂಡು, 124 ಬಂಗಾರದ ಗಟ್ಟಿ, ಜೊತೆಗೆ ಕರಾಚಿಯಲ್ಲಿ ತುಂಬಿದ 8,700 ಹತ್ತಿಯ ಬೇಲು. ಹತ್ತಿ ಮತ್ತು ಸಿಡಿಮದ್ದು ಒಂದೇ ಹೊಟ್ಟೆಯಲ್ಲಿ! 14ರಂದು ಮಧ್ಯಾಹ್ನ ಬೇಲುಗಳ ನಡುವಿನಿಂದ ಹೊಗೆ ಬಂತು. ಒತ್ತಿ ಕಟ್ಟಿದ ಹತ್ತಿಯ ಬೇಲಿಗೆ ಬೆಂಕಿ ಬಿದ್ದರೆ ಮೇಲೆ ನೀರು ಸುರಿದು ಪ್ರಯೋಜನ ಕಡಿಮೆ. ಎಳೆಗಳ ನಡುವೆ ಸಿಕ್ಕ ಗಾಳಿಯೇ ಒಳಗಿನ ಬೆಂಕಿಯನ್ನು ಸಾಕುತ್ತದೆ. ಅಗ್ನಿಶಾಮಕದವರು ನೀರು ಬಿಡುತ್ತಲೇ ಇದ್ದರು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಎರಡನೆಯದು, ಇನ್ನೂ ದೊಡ್ಡದು. ಉರಿಯುವ ಹತ್ತಿ ಮೈಲು ದೂರದ ಮನೆಗಳ ಮೇಲೆ ಬೆಂಕಿಮಳೆಯಾಗಿ ಬಿತ್ತು. ಬಂಗಾರದ ಗಟ್ಟಿಯೊಂದು ಸುಮಾರು ಒಂದು ಮೈಲು ದೂರದ ಮನೆಯ ಛಾವಣಿ ಸೀಳಿ ಒಳಗೆ ಬಿತ್ತು. ಮನೆಯವರು ಅದನ್ನು ಮರಳಿಸಿದರು. ಸತ್ತವರ ಲೆಕ್ಕ ಏಳುನೂರರಿಂದ ಮೇಲಕ್ಕೆ ಬೇರೆ ಬೇರೆಯಾಗಿ ಹೇಳುತ್ತಾರೆ. ಅಗ್ನಿಶಾಮಕದವರೇ 66 ಮಂದಿ. ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೆ. ಹೊರೆ ಹೊರುವ ದಿನಗೂಲಿಯವರಲ್ಲಿ ಎಷ್ಟು ಮಂದಿ ಹೋದರು ಎಂಬ ಲೆಕ್ಕಕ್ಕೆ ಹಾಜರಿ ಪುಸ್ತಕವೇ ಇರಲಿಲ್ಲ.

ಇಲ್ಲದಿದ್ದುದಕ್ಕೆ ಕಾರಣವಿತ್ತು. ಡಾಕಿನ ಕೆಲಸ ಆಗ ತೋಳಿವಾಲಾಗಳ ಕೈಯಲ್ಲಿತ್ತು. ಬೆಳಿಗ್ಗೆ ಗೇಟಿನ ಎದುರು ಜನ ನಿಲ್ಲುತ್ತಿದ್ದರು, ತೋಳಿವಾಲಾ ತನಗೆ ಬೇಕಾದವರನ್ನು ಆರಿಸಿ ಒಳಗೆ ಕರೆದೊಯ್ಯುತ್ತಿದ್ದ, ಕೂಲಿಯಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಿದ್ದ. ಉಳಿದವರು ಬರಿಗೈಯಲ್ಲಿ ಮರಳಬೇಕು. ಡಾಕ್ ಕೆಲಸಗಾರರ ನೇಮಕಕ್ಕೆ ಕಾಯಿದೆ ಬಂದದ್ದು 1948ರಲ್ಲಿ. ಆ ಕಾಲದ ಹೋರಾಟದಲ್ಲಿ ಮುಂದೆ ನಿಂತವರು ನಮ್ಮ ದಕ್ಷಿಣ ಕನ್ನಡದ ಕರಾವಳಿಯಿಂದ ಬಂದ ಪ್ಲಾಸಿಡ್ ಡಿಮೆಲ್ಲೊ. ಡಾಕ್ ಕಾಮಗಾರರ ಯೂನಿಯನ್ ಕಟ್ಟಿ ಬೆಳೆಸಿದರು, ಜೈಲು ಕಂಡರು, 1958ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಮಂಗಳೂರಿನಿಂದ 1949ರಲ್ಲಿ ಕೆಲಸ ಹುಡುಕಿಕೊಂಡು ಬಂದ ಜಾರ್ಜ್ ಫರ್ನಾಂಡಿಸ್ ಯೂನಿಯನ್ ಕೆಲಸ ಕಲಿತದ್ದು ಅವರ ಕೈಕೆಳಗೆ. ಅದೇ ಜಾರ್ಜ್ 1967ರಲ್ಲಿ ಈ ದಕ್ಷಿಣ ಮುಂಬಯಿಯಿಂದಲೇ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು.

ಜಿ.ಪಿ.ಒ. ಹಿಂಭಾಗದಿಂದ ಡಾಕಿನ ಗೋಡೆಯನ್ನೇ ಹಿಡಿದು ಉತ್ತರಕ್ಕೆ ಸಾಗುವ ದೊಡ್ಡ ರಸ್ತೆ ಪಿ. ಡಿಮೆಲ್ಲೊ ರಸ್ತೆ. ಇದರ ಮೊದಲ ಹೆಸರು ಫ್ರೇರ್ ರೋಡ್, ಕೋಟೆ ಕೆಡವಿಸಿದ ಗವರ್ನರನದು. ಗವರ್ನರನ ಹೆಸರು ತೆಗೆದು ಹಮಾಲರ ಮುಂದಾಳಿನ ಹೆಸರು ಇಟ್ಟದ್ದು ನನ್ನ ಮಟ್ಟಿಗೆ ಈ ಊರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ನಡಿಗೆ ಇಲ್ಲಿ ಮುಗಿಯುತ್ತದೆ. ಗೋಡೆಯಾಚೆ ಪ್ರಿನ್ಸಸ್ ಮತ್ತು ವಿಕ್ಟೋರಿಯಾ ಡಾಕುಗಳನ್ನು ಈಗ ಮಣ್ಣು ತುಂಬಿ ಮುಚ್ಚಿದ್ದಾರೆ. ಕಂಟೇನರುಗಳ ಕಾಲ ಬಂದು, 1989ರಲ್ಲಿ ಖಾಡಿಯಾಚೆ ನ್ಹಾವಾ ಶೇವಾ ತೆರೆದ ಮೇಲೆ ದೊಡ್ಡ ವ್ಯಾಪಾರ ಅಲ್ಲಿಗೆ ಹೋಯಿತು. ನೂರು ಜನ ಹೊತ್ತ ಹೊರೆಯನ್ನು ಈಗ ಒಂದು ಕ್ರೇನು ಎತ್ತುತ್ತದೆ.

ಬೀಳ್ಕೊಳ್ಳುವಾಗ ಮಾಸ್ತರರು ಮಾರ್ಗದರ್ಶಕ ಹುಡುಗನನ್ನು ಪಕ್ಕಕ್ಕೆ ಕರೆದು, ತಮ್ಮ ಸಾವಕಾಶದ ಹಿಂದಿಯಲ್ಲಿ ಕುಮಟೆಯ ವಿಷಯ ಹೇಳಿದರು. ಹುಡುಗ ವಿನಯದಿಂದ ಕೇಳಿ ತನ್ನ ವಹಿಯಲ್ಲಿ ಬರೆದುಕೊಂಡ. ಮುಂದಿನ ರವಿವಾರದ ಗುಂಪಿಗೆ ಹೇಳಿದನೋ ಇಲ್ಲವೋ ತಿಳಿಯದು. ಹೋಗಬೇಕೆನ್ನುವವರು ಬೆಳಿಗ್ಗೆ ಏಳರೊಳಗೆ ಗೇಟ್‌ವೇಗೆ ಬಂದರೆ ಬಿಸಿಲಿಗೆ ಮುಂಚೆ ಮುಗಿಸಬಹುದು. ನವೆಂಬರಿನಿಂದ ಫೆಬ್ರುವರಿಯ ತನಕ ಒಳ್ಳೆಯ ಕಾಲ. ಟೌನ್ ಹಾಲಿನ ಮೆಟ್ಟಿಲ ಬಳಿ ಕುಡಿಯುವ ನೀರು ಸಿಗುವುದಿಲ್ಲ, ಮನೆಯಿಂದ ಒಯ್ಯಿರಿ.